ಅಕ್ಕೋರಿಗೆ ಕೇಳಿ: ಐದು ಮುಗಿಯಿತು, ಆರಕ್ಕೆ ಹೊಸ ಶಾಲೆ

ಮೇ ತಿಂಗಳು ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧ ಒಂದೇ ವಿಷಯದ್ದು. ಊರಿನ ಸಣ್ಣ ಶಾಲೆ ಐದಕ್ಕೆ ಮುಗಿಯಿತು, ಇನ್ನು ಆರನೇ ಇಯತ್ತೆಗೆ ಬೇರೆ ಶಾಲೆ, ಏನು ಮಾಡಲಿ ಅಂತ. ಒಂದರಿಂದ ಏಳರ ತನಕ ಒಂದೇ ಅಂಗಳದಲ್ಲಿ ಕಲಿತವರಿಗೆ ಇದು ದೊಡ್ಡ ವಿಷಯ ಅನ್ನಿಸುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಾಗಲ್ಲ. ಕೊಪ್ಪಕ್ಕೊಂದು, ಮಜರೆಗೊಂದು ಕಿರಿಯ ಪ್ರಾಥಮಿಕ ಶಾಲೆ, ಅಲ್ಲಿಂದ ಮುಂದಕ್ಕೆ ಹಳ್ಳ ದಾಟಿಯೇ ಹೋಗಬೇಕು. ಹಳಬರು ಈಗಲೂ ಆ ದೊಡ್ಡ ಶಾಲೆಯನ್ನು ಮಿಡ್ಲ್ ಸ್ಕೂಲು ಅನ್ನುತ್ತಾರೆ. ನಾನು ಘಟ್ಟದ ಮೇಲೆ ಮತ್ತು ಕೆಳಗೆ ಎರಡೂ ಕಡೆ ಆರು, ಏಳಕ್ಕೆ ಪಾಠ ಮಾಡಿದವಳು. ಜೂನಿನ ಮೊದಲ ವಾರ ಬಾಗಿಲಲ್ಲಿ ನಿಲ್ಲುವ ಆ ಮುಖಗಳು ಇನ್ನೂ ಕಣ್ಣಲ್ಲಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಅಕ್ಕೋರೇ, ನಮ್ಮದು ಶಿರಸಿಯಿಂದ ಒಳಗೆ ಹೋಗುವ ಹಳ್ಳಿ. ಮಗ ಐದನೇ ಇಯತ್ತೆ ಮುಗಿಸಿದ. ಅವನ ಶಾಲೆಯಲ್ಲಿ ಒಟ್ಟು 11 ಮಕ್ಕಳು. ಅವನ ತರಗತಿಯಲ್ಲಿ ಅವನೊಬ್ಬನೇ. ಜೂನಿನಿಂದ ದೂರದ ದೊಡ್ಡ ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ಈಗಲೇ ರಾತ್ರಿ ಎದ್ದು ಕೂರುತ್ತಾನೆ. ಕೇಳಿದರೆ 'ಎಂತ ಇಲ್ಲ ಆಯಿ' ಅನ್ನುತ್ತಾನೆ. ರಜೆಯಲ್ಲಿ ಟ್ಯೂಷನ್‌ಗೆ ಹಾಕಿದರೆ ಧೈರ್ಯ ಬರುತ್ತದೆಯೇ?
— ಹುಲೇಕಲ್ ಕಡೆಯ ತಾಯಿ

ಟ್ಯೂಷನ್ ಬೇಡ ತಂಗಿ. ಅವನು ರಾತ್ರಿ ಎದ್ದು ಕೂರುವುದು ಭಿನ್ನರಾಶಿ ನೆನಪಾಗಿ ಅಲ್ಲ.

ಅವನ ತಲೆಯಲ್ಲಿ ಏನು ಓಡುತ್ತಿರಬಹುದು ಅಂತ ಹೇಳುತ್ತೇನೆ. ಬಸ್ಸು ತಪ್ಪಿದರೆ? ಇಳಿಯುವ ಜಾಗ ಬಂತು ಅಂತ ಹೇಗೆ ಗೊತ್ತಾಗುತ್ತದೆ? ಒಂದಕ್ಕೆ ಎಲ್ಲಿಗೆ ಹೋಗಬೇಕು? ಊಟಕ್ಕೆ ಯಾರ ಪಕ್ಕ ಕೂರಬೇಕು? ಏಳನೇತ್ತಿಯ ದೊಡ್ಡ ಹುಡುಗರು ಹೊಡೆದರೆ? ಇಷ್ಟೇ. ದೊಡ್ಡವರಿಗೆ ಇವೆಲ್ಲ ಸಣ್ಣ ವಿಷಯ, ಅದಕ್ಕೇ ಅವನು ನಮ್ಮ ಹತ್ತಿರ ಹೇಳುವುದಿಲ್ಲ. ಹೇಳಿದರೆ ನಗುತ್ತಾರೆ ಅಂತ ಅವನಿಗೆ ಗೊತ್ತು.

ನನ್ನ ತರಗತಿಯಲ್ಲೇ ಒಬ್ಬ ಹುಡುಗ ಇದ್ದ. ಜೂನಿನಲ್ಲಿ ಬಂದವನು ಹದಿನೈದು ದಿನ ಮಧ್ಯಾಹ್ನದ ಊಟದಲ್ಲಿ ಒಂದು ಹನಿ ನೀರು ಕುಡಿಯಲಿಲ್ಲ. ಸಾಂಬಾರನ್ನೂ ಬೇಡ ಅನ್ನುತ್ತಿದ್ದ. ಹುಷಾರಿಲ್ಲ ಅಂದುಕೊಂಡೆ. ಆಮೇಲೆ ಅಡುಗೆಯ ಅಕ್ಕನ ಹತ್ತಿರ ಬಾಯಿಬಿಟ್ಟನಂತೆ, ಶೌಚಾಲಯ ಎಲ್ಲಿದೆ ಅಂತ ಯಾರೂ ಅವನಿಗೆ ತೋರಿಸಿರಲಿಲ್ಲ, ಕೇಳಲು ನಾಚಿಕೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟವನು ಸಂಜೆ ಐದೂವರೆ ತನಕ ತಡೆದುಕೊಂಡಿರುತ್ತಿದ್ದ. ನಾನು ಆ ದಿನಗಳಲ್ಲಿ ಅವನಿಗೆ ಏನು ಪಾಠ ಮಾಡಿದೆ ಅಂತ ಕೇಳಬೇಡಿ, ಅವನ ತಲೆಗೆ ಹೋಗಿದ್ದು ಸೊನ್ನೆ. ತಪ್ಪು ನನ್ನದೇ. ಮುಂದಿನ ವರ್ಷದಿಂದ ಮೊದಲ ದಿನ ಪಾಠ ತೆಗೆಯುವ ಮೊದಲು ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ ನಲ್ಲಿ, ಶೌಚಾಲಯ, ಅಡುಗೆಮನೆ, ಆಫೀಸು ತೋರಿಸಿಬಿಡುತ್ತಿದ್ದೆ.

ಹಾಗಾಗಿ ಮೇ ತಿಂಗಳಲ್ಲಿ ನೀವು ಮಾಡಬೇಕಾದ್ದು ಇಂಥ ಕೆಲಸ. ಶಾಲೆ ಶುರುವಾಗುವ ಮೊದಲು ಅವನನ್ನು ಕರೆದುಕೊಂಡು ಆ ಬಸ್ಸಿನಲ್ಲೇ ಎರಡು ಸಲ ಹೋಗಿ ಬನ್ನಿ. ನಿಮ್ಮ ಸ್ಕೂಟಿಯಲ್ಲಿ ಹೋಗಿ ಶಾಲೆ ತೋರಿಸಿದರೆ ಸಾಲದು, ಅವನು ಹೋಗುವುದು ಬಸ್ಸಿನಲ್ಲಿ ತಾನೆ. ಮೊದಲ ಸಲ ನೀವು ಪಕ್ಕದಲ್ಲಿ ಕೂರಿ. ಎರಡನೇ ಸಲ ನೀವು ಹಿಂದಿನ ಸೀಟು, ಅವನು ಮುಂದೆ. ಇಳಿಯುವ ಜಾಗ ಬಂತು ಅಂತ ಅವನೇ ಹೇಳಲಿ. ಇಳಿಯುವ ಮೊದಲು ಕಾಣುವ ಗುರುತು ಯಾವುದು, ಸೇತುವೆಯೋ, ಸೊಸೈಟಿಯ ಬೋರ್ಡೋ, ಅವನೇ ಹುಡುಕಿಕೊಳ್ಳಲಿ. ಮಳೆಗಾಲದಲ್ಲಿ ಬಸ್ಸಿನ ಕಿಟಕಿಗೆ ಶೀಟು ಇಳಿಸಿರುತ್ತಾರೆ, ಹೊರಗೆ ಏನೂ ಕಾಣುವುದಿಲ್ಲ. ಆಗ ತಿರುವು ಎಣಿಸುವ ಮಕ್ಕಳೂ ಇದ್ದಾರೆ. ಕಂಡಕ್ಟರ್ ಹತ್ತಿರ 'ಇವನು ಜೂನಿನಿಂದ ನಿಮ್ಮ ಬಸ್ಸಿಗೆ' ಅಂತ ಒಂದು ಮಾತು ಹೇಳಿಬಿಡಿ. ನಮ್ಮ ಕಡೆಯ ಕಂಡಕ್ಟರುಗಳಿಗೆ ಯಾವ ಮಗು ಯಾವ ಮನೆಯದು ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಬಸ್ಸು ತಪ್ಪಿದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಖಂಡಿತವಾಗಿ ಹೇಳಿಕೊಡಿ. 'ತಪ್ಪಿಸಿಕೊಳ್ಳಬೇಡ' ಅನ್ನುವುದು ಉತ್ತರ ಅಲ್ಲ. ತಪ್ಪಿದರೆ ಯಾವ ಅಂಗಡಿಯಲ್ಲಿ ಕೂರಬೇಕು, ಯಾರ ಫೋನಿನಿಂದ ಕರೆ ಮಾಡಬೇಕು, ಮುಂದಿನ ಬಸ್ಸು ಎಷ್ಟಕ್ಕೆ. ನಿಮ್ಮ ನಂಬರು ಬಾಯಿಪಾಠ ಬರಲಿ. ಪಾಟಿಚೀಲದ ಒಳಗೆ ಬರೆದಿಟ್ಟದ್ದು ಮಳೆಗೆ ಅಳಿಸಿಹೋಗುತ್ತದೆ.

ಪಾಸಿನ ವಿಷಯ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳು ಉಚಿತ. ಹುಡುಗರಿಗೆ ವಿದ್ಯಾರ್ಥಿ ಪಾಸು ಮಾಡಿಸಬೇಕು, ಅರ್ಜಿ ಸೇವಾಸಿಂಧುವಿನಲ್ಲಿ. ಪಾಸು ಕೈಗೆ ಬರುವ ತನಕ ಚಿಲ್ಲರೆ ಕೊಟ್ಟು ಕಳಿಸಿ. ಮೊದಲ ವಾರವೇ ಟಿಕೆಟ್‌ಗೆ ದುಡ್ಡಿಲ್ಲದೆ ಎಲ್ಲರೆದುರು ತಲೆ ತಗ್ಗಿಸುವಂತೆ ಆಗಬಾರದು.

ಇನ್ನು ಮನೆಯಿಂದ ಬಸ್ಸಿನ ತನಕದ ದಾರಿ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮ ಹೇಳುತ್ತದೆ. ಕಾಗದದ ಮೇಲಿನ ಕಿಲೋಮೀಟರೇ ಬೇರೆ, ಗುಡ್ಡ ಹತ್ತಿ ಹಳ್ಳ ಸುತ್ತಿ ಬರುವ ನಮ್ಮ ಕಿಲೋಮೀಟರೇ ಬೇರೆ ಅಲ್ವಾ! ದಾರಿಯಲ್ಲಿ ಹಳ್ಳ ದಾಟುವ ಕಾಲುಸಂಕ ಇದ್ದರೆ ಅದನ್ನು ಮೇ ತಿಂಗಳಲ್ಲೇ ನೋಡಿಬನ್ನಿ. ಅಡಿಕೆ ದಬ್ಬೆ ಹಳತಾಗಿದೆಯಾ, ಹಿಡಿದುಕೊಳ್ಳಲು ಕೈತಾಂಗು ಗಟ್ಟಿ ಇದೆಯಾ. ಊರವರು ಸೇರಿ ಹೊಸದು ಹಾಕುವುದಿದ್ದರೆ ಈಗಲೇ ಹಾಕಿ, ಜೂನ್ ಹತ್ತರ ಮೇಲೆ ಹಳ್ಳಕ್ಕೆ ಇಳಿಯಲು ಆಗುವುದಿಲ್ಲ. ಪಂಚಾಯ್ತಿಗೆ ಒಂದು ಅರ್ಜಿಯನ್ನೂ ಕೊಡಿ, ಅದು ಬೇರೆ. ಮತ್ತೆ ಮಗನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ನೀರು ಸಂಕದ ಮೇಲೆ ಬಂದಿದ್ದರೆ ಶಾಲೆ ತಪ್ಪಿದರೂ ಅಡ್ಡಿಯಿಲ್ಲ, ವಾಪಸು ಬಾ, ಯಾರೂ ಬೈಯುವುದಿಲ್ಲ. ಹಾಜರಿಗೋಸ್ಕರ ಹಳ್ಳ ದಾಟುವ ಮಕ್ಕಳನ್ನು ನಾನು ನೋಡಿದ್ದೇನೆ. ಹಾಗೆ ಬಂದವರಿಗೆ ಎಷ್ಟೋ ಮಾಸ್ತರರು ಶಹಭಾಸ್ ಹೇಳುತ್ತಿದ್ದರು. ನಾನೂ ಹೇಳಿದ್ದೆ ಒಂದು ಕಾಲದಲ್ಲಿ. ಈಗ ನೆನೆಸಿಕೊಂಡರೆ ಮೈ ನಡುಗುತ್ತದೆ.

ಉಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣದ ಡಬ್ಬಿ, ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ನಿಮಗೆ ಹೇಳಬೇಕಾಗಿಲ್ಲ.

ತರಗತಿಯೊಳಗಿನ ದೊಡ್ಡ ಬದಲಾವಣೆ ಅಂದರೆ ಅಕ್ಕೋರು ಒಬ್ಬರೇ ಅಲ್ಲ. ಇಷ್ಟು ದಿನ ಅವನ ಅಕ್ಕೋರಿಗೆ ಅವನ ಮುಖ ನೋಡಿದರೆ ಜ್ವರ ಇದೆಯೋ ಇಲ್ಲವೋ ತಿಳಿಯುತ್ತಿತ್ತು. ಈಗ ಗಣಿತಕ್ಕೆ ಒಬ್ಬರು, ಇಂಗ್ಲಿಷಿಗೆ ಒಬ್ಬರು, ಹಿಂದಿಗೆ ಇನ್ನೊಬ್ಬರು. ಮುಕ್ಕಾಲು ತಾಸಿಗೊಮ್ಮೆ ಮುಖ ಬದಲು. ಪರಿಸರ ಅಧ್ಯಯನ ಅಂತ ಇದ್ದ ಒಂದೇ ಪುಸ್ತಕ ಒಡೆದು ವಿಜ್ಞಾನ, ಸಮಾಜ ವಿಜ್ಞಾನ ಆಗುತ್ತದೆ. ಯಾವ ದಿನ ಯಾವ ಪುಸ್ತಕ ಒಯ್ಯಬೇಕು ಅನ್ನುವುದೇ ಹೊಸ ಪಾಠ. ವೇಳಾಪಟ್ಟಿ ಬಂದ ದಿನ ಎರಡು ಪ್ರತಿ ಬರೆಯಿಸಿ, ಒಂದು ಪಾಟಿಚೀಲ ತೂಗು ಹಾಕುವ ಮೊಳೆಯ ಹತ್ತಿರ ಅಂಟಿಸಿ. ರಾತ್ರಿ ಊಟಕ್ಕೆ ಮೊದಲು ಅವನೇ ಚೀಲ ತುಂಬಲಿ. ನೀವು ತುಂಬಬೇಡಿ. ಒಂದೆರಡು ದಿನ ಮರೆತು ಹೋಗುತ್ತಾನೆ, ಬೈಸಿಕೊಳ್ಳುತ್ತಾನೆ, ಮೂರನೇ ವಾರಕ್ಕೆ ಸರಿ ಹೋಗುತ್ತದೆ. ಎಲ್ಲ ಪುಸ್ತಕ ದಿನಾ ಹೊರುವ ಮಕ್ಕಳೂ ಇರುತ್ತಾರೆ, ಹೆದರಿಕೆಗೆ. ಆರರಿಂದ ಎಂಟನೆಯವರ ಚೀಲ 3ರಿಂದ 4 ಕಿಲೋ ಮೀರಬಾರದು ಅಂತ 2019ರಲ್ಲಿ ನಮ್ಮ ಸರ್ಕಾರವೇ ಆದೇಶ ಮಾಡಿದೆ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದೆಯಲ್ಲ, ಒಮ್ಮೆ ಇಟ್ಟು ನೋಡಿ.

ಕೊನೆಯದಾಗಿ, ಸಂಜೆ ಬಂದ ತಕ್ಷಣ 'ಹೇಗಾಯ್ತು? ಯಾರು ಏನಂದ್ರು? ಅಳು ಬಂತಾ?' ಅಂತ ಕೇಳಬೇಡಿ. ಕೈಕಾಲು ತೊಳೆದು, ಒಂದು ದೋಸೆ ತಿಂದು, ಅವನು ಸುಮ್ನೆ ಕೂರಲಿ. ಕೊಟ್ಟಿಗೆಗೆ ಹೋಗುವಾಗ ಜೊತೆಗೆ ಕರೆಯಿರಿ. ಗಂಡುಮಕ್ಕಳು ಎದುರು ಕೂರಿಸಿ ಕೇಳಿದರೆ ಹೇಳುವುದಿಲ್ಲ, ಪಕ್ಕದಲ್ಲಿ ಕೆಲಸ ಮಾಡುವಾಗ ಹೇಳುತ್ತಾರೆ. ಹುಲ್ಲು ಹಾಕುವಾಗ ಹೊರಗೆ ಬಂದಷ್ಟು ಸುದ್ದಿ ಊಟದ ಹೊತ್ತಿಗೆ ಬರುವುದಿಲ್ಲ.

ನಾನು ಕಾರವಾರದ ಬೈತಖೋಲದಲ್ಲಿ ಟ್ರಾಲರ್ ಬೋಟಿಗೆ ಹೋಗುವವನು. ಮನೆಯಲ್ಲಿ ಕೊಂಕಣಿ. ನಾನು ಓದಿದ್ದು ಏಳರ ತನಕ, ಹೆಂಡತಿ ಐದು. ಮಗ ಈಗ ಆರಕ್ಕೆ. ಕನ್ನಡ ಶಾಲೆ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕು ಅಂತ ಅಣ್ಣ ಹೇಳ್ತಾನೆ. ನಮಗೆ ಕಲಿಸಲು ಬರುವುದಿಲ್ಲ, ನಾವು ಏನು ತಯಾರಿ ಮಾಡುವುದು?
— ಒಬ್ಬ ತಂದೆ, ಕಾರವಾರ

ತಮ್ಮಾ, ಮೊದಲು ಒಂದು ಲೆಕ್ಕ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಿಮ್ಮ ಬೋಟು ದಡದಲ್ಲಿ. ಮೀನುಗಾರಿಕೆ ನಿಷೇಧದ ಆ ಎರಡು ತಿಂಗಳೇ ಮಗನ ಹೊಸ ಶಾಲೆಯ ಮೊದಲ ಎರಡು ತಿಂಗಳು. ನೌಕರಿಯಲ್ಲಿರುವ ಯಾವ ಅಪ್ಪನಿಗೂ ಇಂಥ ಪುಣ್ಯ ಇಲ್ಲ. ಬಲೆ ರಿಪೇರಿ ಇರುತ್ತದೆ, ಗೊತ್ತು. ಆದರೂ ಬೆಳಿಗ್ಗೆ ಅವನನ್ನು ಬಿಟ್ಟು ಬರಬಹುದು, ಮಾಸ್ತರರ ಮುಖ ನೋಡಬಹುದು. ಜುಲೈಯಲ್ಲೇ ಶಾಲೆಗೆ ಹೋಗಿ ಒಮ್ಮೆ ಮಾತಾಡಿಬಿಡಿ, ಆಗಸ್ಟ್ ಬಂದ ಮೇಲೆ ನೀವು ಸಿಗುವುದಿಲ್ಲ ಅಂತ ಹೇಳಿ, ಏನಿದ್ದರೂ ಹೆಂಡತಿಯ ಫೋನಿಗೆ ಹೇಳಲು ಕೇಳಿಕೊಳ್ಳಿ. ಅಪ್ಪ ಶಾಲೆಗೆ ಬಂದಿದ್ದ ಅನ್ನುವುದು ಹುಡುಗನಿಗೆ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ.

ಕಲಿಸಲು ಬರುವುದಿಲ್ಲ ಅಂದಿರಿ. ಆರನೇ ಇಯತ್ತೆಯ ಗಣಿತದಲ್ಲಿ ಮಕ್ಕಳು ಮೊದಲು ಎಡವುವುದು ಎಲ್ಲಿ ಗೊತ್ತಾ? ಋಣ ಸಂಖ್ಯೆ. ಸೊನ್ನೆಗಿಂತ ಕಡಿಮೆ ಏನಿರಲು ಸಾಧ್ಯ ಅಂತ ಮಕ್ಕಳು ಬೋರ್ಡು ನೋಡುತ್ತಾ ಕೂರುತ್ತಾರೆ. ನೀವು ನೀರಿನ ಆಳವನ್ನು ಮಾರಿನಲ್ಲಿ ಹೇಳುವವರು. ನೀರಿನ ಮಟ್ಟ ಸೊನ್ನೆ, ಬೋಟಿನ ಕಂಬ ಮೇಲಕ್ಕೆ ಮೂರು ಮಾರು, ಬಲೆ ಕೆಳಗೆ ಹತ್ತು ಮಾರು. ಕೆಳಗಿನದಕ್ಕೆಲ್ಲ ಹಿಂದೆ ಒಂದು ಗೀಟು ಹಾಕು, ಮುಗಿಯಿತು. ಆಮೇಲೆ ಅನುಪಾತ. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್, ಐಸು ಕಳೆದು ಬೋಟಿನ ಪಾಲೆಷ್ಟು, ಬೋಟು ನಡೆಸುವ ತಾಂಡೇಲನ ಪಾಲೆಷ್ಟು, ಕೆಲಸದ ಕಲಾಸಿಗಳ ಪಾಲೆಷ್ಟು ಅಂತ ನೀವು ಬಾಯಲ್ಲೇ ಮಾಡುವ ಲೆಕ್ಕ ಇದೆಯಲ್ಲ, ಅದೇ ಆ ಪಾಠ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರು ಅಷ್ಟೇ. ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದು ಟ್ರಿಪ್ಪಿನ ಲೆಕ್ಕ ಮಾಡಿಸಿ, ನಿಜವಾದ ದುಡ್ಡಿನದು.

ಹಿಂದಿ ಆರರಿಂದ ಶುರು. ನಿಮ್ಮ ಬೋಟಿನಲ್ಲಿ ಒಡಿಶಾ, ಜಾರ್ಖಂಡ್ ಕಡೆಯವರು ಇದ್ದರೆ ನಿಮಗೆ ಆಗಲೇ ಬೋಟಿನ ಹಿಂದಿ ಬರುತ್ತದೆ. ವ್ಯಾಕರಣ ಸರಿ ಇಲ್ಲದಿದ್ದರೆ ಇಲ್ಲ. ಅಕ್ಷರ ಹೊಸದು, ಕಿವಿಗೆ ಭಾಷೆ ಹಳೆಯದು ಅಂದರೆ ಅರ್ಧ ಕೆಲಸ ಆದ ಹಾಗೆ. ನಿಮ್ಮ ಗಡಿಯ ಕಡೆ ಮರಾಠಿ ಓದಲು ಬರುವ ಅಜ್ಜ-ಅಜ್ಜಿಯರು ತುಂಬ ಇದ್ದಾರೆ, ಮರಾಠಿಗೂ ಹಿಂದಿಗೂ ಲಿಪಿ ಒಂದೇ. ಅಜ್ಜಿಯ ಹತ್ತಿರವೇ ಅಕ್ಷರ ತಿದ್ದಿಸಿ.

ಈಗ ಮೀಡಿಯಂ. ನನ್ನ ಅಭಿಪ್ರಾಯ ಕೇಳಿದರೆ ಆರಕ್ಕೆ ಬದಲಿಸಬೇಡಿ. ನಾನು ಕನ್ನಡದ ಅಕ್ಕೋರು ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ. ನಿಮ್ಮ ಮಗ ಒಂದು ಸಲ ಆಗಲೇ ಭಾಷೆ ದಾಟಿದ್ದಾನೆ, ಮನೆಯ ಕೊಂಕಣಿಯಿಂದ ಶಾಲೆಯ ಕನ್ನಡಕ್ಕೆ. ಐದು ವರ್ಷ ಕಷ್ಟಪಟ್ಟು ಆ ದಡ ಮುಟ್ಟಿದವನನ್ನು, ಶಾಲೆ ಹೊಸದು, ಗೆಳೆಯರು ಹೊಸಬರು, ಪಾಠ ಕಠಿಣ ಆಗುವ ಅದೇ ಹೊತ್ತಿಗೆ ಇನ್ನೊಂದು ಭಾಷೆಗೆ ತಳ್ಳಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಗೊತ್ತಿರುವ ಉತ್ತರಕ್ಕೂ ಕೈ ಎತ್ತುವುದನ್ನು ಬಿಡುತ್ತಾರೆ. ಭಿನ್ನರಾಶಿ ಕೂಡಿಸಲು ಬರುವ ಹುಡುಗನಿಗೆ ಫ್ರಾಕ್ಷನ್ ಅಂದರೆ ಅದೇ ಅಂತ ತಿಳಿಯಲು ಮೂರು ತಿಂಗಳು. ಅಷ್ಟರಲ್ಲಿ ತಾನು ದಡ್ಡ ಅಂತ ತೀರ್ಮಾನ ಮಾಡಿರುತ್ತಾನೆ.

ಇಲ್ಲ, ಸೇರಿಸಿ ಆಗಿದೆ ಅನ್ನುವುದಾದರೆ, ಒಂದು ಇನ್ನೂರು ಪುಟದ ಬರೆಯುವ ಪಟ್ಟಿ ತಂದುಕೊಡಿ. ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನದ್ದು, ದಿನಕ್ಕೆ ಐದೇ. ಗಣಿತ ಮತ್ತು ವಿಜ್ಞಾನದ ಪದ ಮಾತ್ರ. ಹಳೆಯ ಐದನೇತ್ತಿಯ ಪುಸ್ತಕ ರದ್ದಿಗೆ ಹಾಕಬೇಡಿ, ಅದರಿಂದಲೇ ಪದ ತೆಗೆಯಬೇಕು. ಕನ್ನಡದಲ್ಲಿ ಉತ್ತರ ಹೇಳಿದರೆ ದಸರಾ ರಜೆಯ ತನಕ ಒಪ್ಪಿಕೊಳ್ಳಿ ಅಂತ ಮಾಸ್ತರರನ್ನು ಕೇಳಿ. ಒಳ್ಳೆಯ ಮಾಸ್ತರರು ಇಲ್ಲ ಅನ್ನುವುದಿಲ್ಲ.

ಮಗಳಿಗೆ 11 ವರ್ಷ. ಇನ್ನೂ ದೊಡ್ಡವಳಾಗಿಲ್ಲ. ಹೊಸ ಶಾಲೆಯಲ್ಲಿ ಹಾಗೇನಾದರೂ ಆದರೆ ಅಂತ ಹೆದರಿಕೆ. ಈಗಲೇ ಹೇಳಬೇಕಾ? ಹೇಳಿದರೆ ಹೆದರುತ್ತಾಳೇನೋ.
— ಹೆಸರು ಬೇಡ, ಹೊನ್ನಾವರ ತಾಲೂಕು

ಈಗಲೇ ಹೇಳಿ. ಇವತ್ತೇ. 9ರಿಂದ 15 ವರ್ಷದ ಒಳಗೆ ಯಾವಾಗ ಬೇಕಾದರೂ ಮುಟ್ಟು ಶುರುವಾಗಬಹುದು. ಹೇಳಿದರೆ ಒಂದು ದಿನ ಹೆದರುತ್ತಾಳೆ, ಹೇಳದಿದ್ದರೆ ಶಾಲೆಯ ಬೆಂಚಿನ ಮೇಲೆ ಒಬ್ಬಳೇ ಹೆದರುತ್ತಾಳೆ. ಲಂಗಕ್ಕೆ ಕಲೆಯಾಗಿ, ತನಗೆ ಏನೋ ದೊಡ್ಡ ಕಾಯಿಲೆ ಬಂತು ಅಂತ ಬೆಲ್ಲು ಹೊಡೆದ ಮೇಲೂ ಏಳದೆ ಕೂತ ಹುಡುಗಿಯರನ್ನು ಎತ್ತಿ ಕರೆದುಕೊಂಡು ಹೋದವಳು ನಾನು.

ಪಾಟಿಚೀಲದ ಒಳಜೇಬಿನಲ್ಲಿ ಒಂದು ಸಣ್ಣ ಬಟ್ಟೆ ಚೀಲ ಇರಲಿ: ಎರಡು ಪ್ಯಾಡು, ಒಂದು ಚಡ್ಡಿ, ಸುತ್ತಲು ಹಳೆ ಪೇಪರು. ಹಾಕುವುದು ಹೇಗೆ ಅಂತ ಮನೆಯಲ್ಲೇ ಒಮ್ಮೆ ತೋರಿಸಿ. ಹೊಸ ಶಾಲೆಯಲ್ಲಿ ಯಾವ ಅಕ್ಕೋರ ಹತ್ತಿರ ಹೋಗಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಕೆಲವು ಶಾಲೆಗಳಲ್ಲಿ ಗಂಡಸರೇ ಇರುತ್ತಾರೆ, ಹಾಗಿದ್ದರೆ ಬಿಸಿಯೂಟದ ಅಕ್ಕನ ಹತ್ತಿರ. ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತದೆಯಾ ಅಂತ ಸೇರಿಸಲು ಹೋದ ದಿನವೇ ಕಣ್ಣಾರೆ ನೋಡಿ. ಇಲ್ಲದಿದ್ದರೆ ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ ಸಭೆಯಲ್ಲಿ ಎತ್ತಿ. ಕಾನೂನಿನ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಸುಮ್ನೆ ಸಹಿ ಹಾಕಿ ಬರಲು ಅಲ್ಲ ಆ ಸಮಿತಿ. ಶುಚಿ ಯೋಜನೆಯಲ್ಲಿ 10ರಿಂದ 19 ವರ್ಷದವರಿಗೆ ಪ್ಯಾಡು ಕೊಡುವ ವ್ಯವಸ್ಥೆಯೂ ಇದೆ, ಶಾಲೆಗೆ ಬಂದಿದೆಯಾ ಕೇಳಿ.

ಇನ್ನೊಂದು ಮಾತು, ಸಿಟ್ಟು ಬಂದರೂ ಬರಲಿ. ಹೊರಗೆ ಕೂರಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದು ನಿಮ್ಮ ದೇವರ ಕೋಣೆಗೆ ಸಂಬಂಧಪಟ್ಟದ್ದು, ಶಾಲೆಗೆ ಅಲ್ಲ. ತಿಂಗಳಿಗೆ ಮೂರು ದಿನ ಶಾಲೆ ತಪ್ಪಿದರೆ ವರ್ಷಕ್ಕೆ ಮೂವತ್ತು ದಿನ. ಅಷ್ಟು ದಿನದ ಗಣಿತ ಯಾರು ಹೇಳಿಕೊಡುತ್ತಾರೆ? ಹೊಟ್ಟೆನೋವು ಜಾಸ್ತಿ ಇದ್ದರೆ ಡಾಕ್ಟರಿಗೆ ತೋರಿಸಿ. ಉಳಿದಂತೆ ಕಳಿಸಿ.

ಮೊಮ್ಮಗ ನವೋದಯ ವಸತಿ ಶಾಲೆಯ ಪರೀಕ್ಷೆ ಬರೆದಿದ್ದ, ಸಿಗಲಿಲ್ಲ. ಅವನ ಚಿಕ್ಕಪ್ಪನ ಮಗಳಿಗೆ ಸಿಕ್ಕಿತು. ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ಹುಡುಗ ಊರ ಶಾಲೆಗೆ ಹೋಗುವುದಿಲ್ಲ ಅಂತ ಹಟ ಹಿಡಿದಿದ್ದಾನೆ.
— ಒಬ್ಬ ಅಜ್ಜ, ಯಲ್ಲಾಪುರ

ಅಜ್ಜನವರೇ, ಮುಂಡಗೋಡಿನ ನವೋದಯದಲ್ಲಿ ಆರಕ್ಕೆ ಹೆಚ್ಚೆಂದರೆ 80 ಸೀಟು. ಘಟ್ಟದ ಮೇಲೂ ಕೆಳಗೂ ಸೇರಿ ಇಡೀ ಜಿಲ್ಲೆಗೆ ಅಷ್ಟೇ. 2 ತಾಸಿನ ಪರೀಕ್ಷೆ, 80 ಪ್ರಶ್ನೆ, ಅದರಲ್ಲಿ ಅರ್ಧ ಚಿತ್ರ ನೋಡಿ ಹೊಂದಿಸುವ ಬುದ್ಧಿಶಕ್ತಿಯ ಪ್ರಶ್ನೆಗಳು. ಒಂದು ಮಗುವಿಗೆ ಒಂದೇ ಅವಕಾಶ. ಒಂದು ಬೆಳಿಗ್ಗೆಯ ಎರಡು ತಾಸು ಅವನ ಹಣೆಬರಹ ಅಲ್ಲ ಅಂತ ಅವನಿಗೆ ಹೇಳುವ ಮೊದಲು, ಮನೆಯ ದೊಡ್ಡವರಿಗೆ ಹೇಳಿ. ಹುಡುಗ ಹಟ ಹಿಡಿದದ್ದು ಊರ ಶಾಲೆಯ ಮೇಲಲ್ಲ, ಮನೆಯವರ ಮುಖದ ಮೇಲೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರಕ್ಕೇ ಪ್ರವೇಶ, ಅದಕ್ಕೆ ಬೇರೆ ಪರೀಕ್ಷೆ. ಅದನ್ನೂ ಬರೆದಿದ್ದರೆ ಅದರ ಪಟ್ಟಿ ನೋಡುತ್ತಿರಿ. ನವೋದಯಕ್ಕೆ ಎಂಟನೆಯಲ್ಲಿ ಓದುವಾಗ ಒಂಬತ್ತಕ್ಕೆ ಖಾಲಿ ಇರುವ ಸೀಟಿಗೆ ಇನ್ನೊಂದು ಪರೀಕ್ಷೆ ಇರುತ್ತದೆ. ಆದರೆ ಇದನ್ನು ಈಗ ಅವನಿಗೆ ಹೇಳಬೇಡಿ, ಮೂರು ವರ್ಷ ತಲೆಯ ಮೇಲೆ ಹೊರೆ ಇಟ್ಟ ಹಾಗಾಗುತ್ತದೆ. ನೀವು ನೆನಪಿಟ್ಟುಕೊಳ್ಳಿ ಸಾಕು. ಮತ್ತೆ ಆ ಹುಡುಗಿ. ಮೊದಲ ಸಲ ಮನೆ ಬಿಟ್ಟು ಹಾಸ್ಟೆಲಿಗೆ ಹೋಗುತ್ತಿದ್ದಾಳೆ, ಈ ಮುನಿಸಿನಲ್ಲಿ ಅವಳಿಗೆ ಖುಷಿಪಡಲೂ ಆಗುತ್ತಿಲ್ಲ, ಅಳಲೂ ಆಗುತ್ತಿಲ್ಲ. ಇಬ್ಬರನ್ನೂ ಒಟ್ಟಿಗೆ ಪೇಟೆಗೆ ಕರೆದುಕೊಂಡು ಹೋಗಿ ಇಬ್ಬರಿಗೂ ಹೊಸ ಕೊಡೆ ಕೊಡಿಸಿ. ಅಜ್ಜ ಮಾಡಬಹುದಾದ ಕೆಲಸ ಇದು, ಅಪ್ಪಂದಿರಿಗೆ ಈಗ ಆಗುವುದಿಲ್ಲ.

ಹಳೆ ಶಾಲೆಯಿಂದ ಟಿಸಿ ತಡವಾಗುತ್ತಿದೆ. ಹೊಸ ಶಾಲೆಯವರು ಅದಿಲ್ಲದೆ ಸೇರಿಸುವುದಿಲ್ಲ, ಮೇಲಾಗಿ ಒಂದು ಟೆಸ್ಟ್ ಬರೆಯಬೇಕು ಅನ್ನುತ್ತಾರೆ. ಸರಿಯೇ?
— ಕುಮಟಾದ ಓದುಗರು

ಎರಡೂ ಸರಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 5ನೇ ಕಲಮಿನ ಪ್ರಕಾರ, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಿ ಹೋಗುವಾಗ ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ. ಟಿಸಿಯನ್ನು ಹಳೆ ಶಾಲೆಯ ಮುಖ್ಯಸ್ಥರು ತಕ್ಷಣ ಕೊಡಬೇಕು. 13ನೇ ಕಲಮು ಪ್ರವೇಶಕ್ಕೆ ಮಗುವನ್ನು ಪರೀಕ್ಷಿಸಿ ಆರಿಸುವುದನ್ನು ತಡೆಯುತ್ತದೆ, ಖಾಸಗಿ ಶಾಲೆಗೂ ಅನ್ವಯ. ಜಗಳಕ್ಕೆ ಹೋಗಬೇಡಿ. ಕಲಮಿನ ನಂಬರು ಹಾಕಿ ಒಂದು ಚೀಟಿ ಬರೆದು ಕೊಡಿ, ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ.

ಟಿಸಿ ಕೈಗೆ ಬಂದಾಗ ಮಾತ್ರ ಒಂದೊಂದು ಅಕ್ಷರ ನೋಡಿ. ಹೆಸರು, ಇನಿಷಿಯಲ್, ಹುಟ್ಟಿದ ದಿನ, ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ. ಈಗ ತಿದ್ದಿಸುವುದು ಸುಲಭ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋದ ಮೇಲೆ ಆ ಭಟ್ಟ, ಭಟ್, ಭಟ್ಟ್ ಗಲಾಟೆ ಮುಗಿಯುವುದೇ ಇಲ್ಲ.

ಕಳೆದ ವರ್ಷ ದೊಡ್ಡ ಮಗಳು ಆರಕ್ಕೆ ಹೋದಾಗ ಮೊದಲ ಟೆಸ್ಟಿನಲ್ಲಿ ಅಂಕ ಸರ್ರನೆ ಇಳಿಯಿತು. ಈಗ ಎರಡನೆಯವನ ಸರದಿ. ಮೊದಲೇ ಏನಾದರೂ ಮಾಡಬಹುದೇ?
— ಅಂಕೋಲಾದಿಂದ

ಇಳಿಯುತ್ತದೆ. ಇಳಿಯಲಿ. ವರ್ಷಕ್ಕೆ ನಾಲ್ಕು ಎಫ್‌ಎ (ಸಣ್ಣ ಟೆಸ್ಟು), ಎರಡು ಎಸ್‌ಎ (ದೊಡ್ಡ ಪರೀಕ್ಷೆ), ಅದರಲ್ಲಿ ಮೊದಲನೆಯದು ಮಗು ಇನ್ನೂ ಮಾಸ್ತರರ ಹೆಸರು ಕಲಿಯುತ್ತಿರುವಾಗ ಬರುತ್ತದೆ. ಐದರ ತನಕ 'ಚಿತ್ರ ನೋಡಿ ಹೇಳು' ಅನ್ನುವ ಪ್ರಶ್ನೆಗಳೇ ಜಾಸ್ತಿ, ಇಲ್ಲಿ 'ಕಾರಣ ಕೊಡು', 'ವ್ಯತ್ಯಾಸ ಬರೆ' ಶುರುವಾಗುತ್ತದೆ. ಮಗುವಿಗೆ ಗೊತ್ತಿರುತ್ತದೆ, ಬರೆಯುವ ರೂಢಿ ಇರುವುದಿಲ್ಲ. ಮೊದಲೇ ಮಾಡುವುದೇನಾದರೂ ಇದ್ದರೆ ಅದೊಂದೇ: ರಜೆಯಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯಿಸಿ. ಸಂತೆಯಲ್ಲಿ ನೋಡಿದ್ದು, ಅಜ್ಜನ ಮನೆಯಲ್ಲಿ ತಿಂದದ್ದು, ಯಾವುದಾದರೂ ಸರಿ. ಕಾಗುಣಿತ ತಿದ್ದಬೇಡಿ.

ಆಮೇಲೆ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ತಾಸು ನಿದ್ದೆ ಬೇಕು. ಏಳೂವರೆಯ ಬಸ್ಸಿಗೆ ಆರಕ್ಕೆ ಏಳಬೇಕಾದರೆ ರಾತ್ರಿ ಒಂಬತ್ತಕ್ಕೆ ಮಲಗಲೇಬೇಕು. ಮೇ ಕೊನೆಯ ವಾರದಿಂದಲೇ ಹಾಗೆ ಮಲಗಿಸಿ. ಹೋಂವರ್ಕು ವಾಟ್ಸಾಪಿಗೆ ಬರುತ್ತದೆ ಅನ್ನುವ ನೆಪದಲ್ಲಿ ಫೋನು ಹಾಸಿಗೆಯ ತನಕ ಹೋಗಬಾರದು, ನೀವು ನೋಡಿ ಪಟ್ಟಿಗೆ ಬರೆಸಿ ಫೋನು ಇಟ್ಟುಬಿಡಿ. ದೊಡ್ಡ ಮಗಳ ಅಂಕದ ಕಥೆಯನ್ನು ತಮ್ಮನ ಎದುರು ತೆಗೆಯಬೇಡಿ, ಇಬ್ಬರಿಗೂ ಪೆಟ್ಟು.

ಅಕ್ಕೋರೇ, ನಾನು ಐದನೇತ್ತಿ ಪಾಸು. ನನ್ನ ಗೆಳತಿ ಕಾನ್ವೆಂಟಿಗೆ ಹೋಗ್ತಾಳೆ, ನಾನು ಬೇರೆ ಶಾಲೆಗೆ. ಒಂದನೇತ್ತಿಯಿಂದ ನಾವು ಒಂದೇ ಬೆಂಚು. ಅವಳಿಗೆ ಹೊಸ ಗೆಳತಿ ಸಿಕ್ಕಿದ್ರೆ ನನ್ನ ಮರೀತಾಳಾ?
— ಸಿದ್ದಾಪುರದ ಹುಡುಗಿ

ತಂಗೀ, ನಿನ್ನ ಪತ್ರ ಎಲ್ಲಕ್ಕಿಂತ ಚೆಂದ ಇತ್ತು, ಅಕ್ಷರವೂ ದುಂಡಗೆ.

ಅವಳಿಗೆ ಹೊಸ ಗೆಳತಿ ಸಿಗುತ್ತಾಳೆ. ನಿನಗೂ ಸಿಗುತ್ತಾಳೆ. ಸ್ವಲ್ಪ ದಿನ ಇಬ್ಬರಿಗೂ ಹೊಟ್ಟೆಕಿಚ್ಚು ಆಗುತ್ತದೆ, ಅದು ತಪ್ಪಲ್ಲ. ಮೊದಲ ದಿನ ಹೊಸ ತರಗತಿಯಲ್ಲಿ ಸುತ್ತ ನೋಡು, ನಿನ್ನ ಹಾಗೇ ಒಬ್ಬಳೇ ಬಂದು ಪಾಟಿಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಇದ್ದೇ ಇರುತ್ತಾಳೆ. ಹೋಗಿ 'ನಿಮ್ಮ ಊರು ಯಾವುದು' ಅಂತ ಕೇಳು. ಅಷ್ಟು ಸಾಕು, ಉಳಿದದ್ದನ್ನು ಅವಳೇ ಮಾತಾಡುತ್ತಾಳೆ.

ಹಳೆ ಗೆಳತಿಗೆ ಚೀಟಿ ಬರೆ. ನಿಮ್ಮಿಬ್ಬರ ಊರಿಗೂ ಒಂದೇ ಬಸ್ಸು ಬರುವುದಾದರೆ ಕಂಡಕ್ಟರ್ ಅಣ್ಣನ ಕೈಯಲ್ಲಿ ಕೊಡು, ಔಷಧಿ, ಹೂವು, ಮರೆತುಹೋದ ಬುತ್ತಿ ಎಲ್ಲ ತಲುಪಿಸುವವರು ಒಂದು ಚೀಟಿ ತಲುಪಿಸುವುದಿಲ್ಲವೇ! ನನಗೂ ಒಂದು ಬರಿ. ಹೊಸ ಶಾಲೆಯ ಬಿಸಿಯೂಟದ ಸಾಂಬಾರು ಹಳೆಯದಕ್ಕಿಂತ ಚೆನ್ನಾಗಿದೆಯೋ ಇಲ್ಲವೋ, ಅದನ್ನು ಮರೆಯದೆ ಬರಿ.